ಮೂರನೇ ಓಣಿಯ ಗೂಟ

ನನ್ನ ತೂಕ ಎಷ್ಟು ಅಂತ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನೆನಪಿಲ್ಲದವರು ಇಮಾಮಸಾಬರ ಮನೆಯ ಗೋಡೆ ನೋಡುತ್ತಾರೆ. ಅಲ್ಲಿ ಸುಣ್ಣದಲ್ಲಿ ದಪ್ಪಗೆ ಬರೆದಿರುತ್ತದೆ, ಕೆಳಗೆ ತಾರೀಖು. ಬೇರೆ ಊರಿನಲ್ಲಿ ನಲವತ್ತೊಂಬತ್ತು ವರ್ಷದ ಹೆಂಗಸಿನ ತೂಕವನ್ನು ಹೀಗೆ ಬೀದಿ ಗೋಡೆಗೆ ಬರೆದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಲ್ಲಿ ಅದು ಮರ್ಯಾದೆಯ ವಿಷಯ. ಯಾಕೆಂದರೆ ನಾನು ಮೂರನೇ ಓಣಿಯ ಗೂಟ.

ಮಧ್ಯಾಹ್ನ ಮೂರರ ಸುಮಾರಿಗೆ ನಮ್ಮೂರಿಗೆ ಗಾಳಿ ಬರುತ್ತದೆ. ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತು ಇದ್ದು ಹೋಗುತ್ತದೆ. ತೊಂಬತ್ತು ಕೆ.ಜಿ.ಗಿಂತ ಕಡಿಮೆ ಇದ್ದವರನ್ನು ಎತ್ತಿಕೊಂಡು ಹೋಗುತ್ತದೆ, ಹೆಚ್ಚಿದ್ದವರ ಸೆರಗನ್ನೂ ಮುಟ್ಟುವುದಿಲ್ಲ. ಕಲ್ಲೋ ಕಬ್ಬಿಣವೋ ಕಟ್ಟಿಕೊಂಡು ಕೂತರೆ ನಡೆಯುವುದಿಲ್ಲ. ಅದನ್ನು ಇಲ್ಲೇ ಬಿಟ್ಟು ಮನುಷ್ಯರನ್ನು ಒಯ್ಯುತ್ತದೆ. ಕಂಬಕ್ಕೆ ಬಿಗಿದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಬಾಗಿಲು ಹಾಕಿಕೊಂಡರೆ ಬೆಳಕಿಂಡಿಯಿಂದ ಒಳಗೆ ಬರುತ್ತದೆ. ಮೈಭಾರ ಇದ್ದವರ ಸೊಂಟಕ್ಕೆ ಕಟ್ಟಿದ ಹಗ್ಗ ಮಾತ್ರ ನಿಲ್ಲುತ್ತದೆ. ಹಾಗಾಗಿ ಓಣಿಗೊಬ್ಬರು ಗೂಟ. ನಮ್ಮ ಸೊಂಟಕ್ಕೆ ದಪ್ಪ ಕ್ಯಾನ್ವಾಸಿನ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಳೆಗಳು. ಗಾಳಿ ಬರುವ ಮುಂಚೆ ಕಟ್ಟೆಯ ಮೇಲೆ ನಾವು ಕೂರುತ್ತೇವೆ, ಓಣಿಯವರು ಬಂದು ತಮ್ಮ ತಮ್ಮ ಹಗ್ಗವನ್ನು ತಮ್ಮ ತಮ್ಮ ಬಳೆಗೆ ಕಟ್ಟಿಕೊಂಡು ಕೂರುತ್ತಾರೆ.

ನಮ್ಮದು ನಾಲ್ಕೇ ಮನೆಯ ಓಣಿ. ಹಗಲು ಊರಲ್ಲಿರುವವರು ಐದು ಜನ. ಕೊಡೆ ರಿಪೇರಿ ಮಾಡುವ ಇಮಾಮಸಾಬರು, ಎದುರು ಮನೆಯ ಶರವ್ವ, ಅವಳ ಇಬ್ಬರು ಹೆಣ್ಣುಮಕ್ಕಳು, ಮತ್ತೆ ನಮ್ಮತ್ತೆ ಹೂವಕ್ಕ. ನಮ್ಮವರು ಬಸ್ ಕಂಡಕ್ಟರು. ಗಾಳಿ ಬರುವ ಹೊತ್ತಿಗೆ ಅವರು ನಲವತ್ತು ಮೈಲಿ ಆಚೆ ಯಾವುದೋ ಊರಿನಲ್ಲಿ ಟಿಕೆಟ್ ಹರಿಯುತ್ತಿರುತ್ತಾರೆ. ನಾನು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಬೆಳಿಗ್ಗೆಯೆಲ್ಲ ಒಲೆ ಮುಂದೆ, ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ. ಹೀಗೆ ಕೂತೇ ಮೂವತ್ತು ವರ್ಷ ಕಳೆದೆ.

ನನಗಿಂತ ಮುಂಚೆ ಈ ಓಣಿಗೆ ಗೂಟವಾಗಿದ್ದವನು ಕಲ್ಲಪ್ಪ ಅಂತ. ಅವನಿಗೆ ಒಳಗೇ ಏನೋ ಕಾಯಿಲೆ ಹತ್ತಿ ಸಣ್ಣಗಾಗುತ್ತಿದ್ದನಂತೆ, ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅವನೂ, ಅವನಿಗೆ ಕಟ್ಟಿಕೊಂಡಿದ್ದ ಮೂವರೂ ಸಾಲಾಗಿ ಮೇಲೆ ಹೋದರು. ಆ ಮೂವರಲ್ಲಿ ಒಬ್ಬರು ನಮ್ಮ ಮಾವ. ಅತ್ತೆ ಅವತ್ತು ತವರಿಗೆ ಹೋಗಿದ್ದರಿಂದ ಉಳಿದರು. ಹೋದವರು ಯಾರೂ ತಿರುಗಿ ಬರಲಿಲ್ಲ. ಅಮಾವಾಸ್ಯೆಗೊಮ್ಮೆ ಗೂಟವನ್ನು ತೂಗಿ ಗೋಡೆಗೆ ಬರೆಯುವ ಪದ್ಧತಿ ಆಮೇಲೆ ಬಂತು. ಅತ್ತೆ ಮಗನಿಗೆ ಹೆಣ್ಣು ಹುಡುಕಲು ಹೊರಟಿದ್ದೂ ಆಮೇಲೆಯೇ. ನನ್ನನ್ನು ನೋಡಲು ಬಂದಾಗ ಹಾಡು ಬರುತ್ತಾ, ಕಸೂತಿ ಬರುತ್ತಾ ಅಂತ ಕೇಳಲಿಲ್ಲ. ಏಳನೇ ಓಣಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಹತ್ತೊಂಬತ್ತಕ್ಕೆ ತೊಂಬತ್ತೊಂದಿದ್ದೆ. ಅಲ್ಲೇ ಎಲೆ ಅಡಿಕೆ ಹಿಡಿದರು.

ಗೂಟಕ್ಕೆ ಓಣಿಯವರು ಉಣ್ಣಲು ಕೊಡಬೇಕು. ಇವತ್ತು ಈ ಮನೆ, ನಾಳೆ ಆ ಮನೆ. ತಾಟಿನಲ್ಲಿ ತುಪ್ಪ ಎಷ್ಟಿದೆ ಅನ್ನುವುದರ ಮೇಲೆ ಮನೆಯ ಹೆಸರು. ನಾನು ಒಲ್ಲೆ ಅಂದವಳಲ್ಲ. ಉಣ್ಣುವುದು ನನಗೆ ಇಷ್ಟವೂ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ ಈಚೀಚೆಗೆ ಮೂರು ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಎದೆಯೊಳಗೆ ಯಾರೋ ಮಂಚ ಎಳೆದಾಡಿದ ಹಾಗಾಗುತ್ತಿತ್ತು. ಆಸ್ಪತ್ರೆಯ ಹೆಣ್ಣು ಡಾಕ್ಟರು, ನಾವು ಡಾಕ್ಟರ ಬಾಯಿ ಅನ್ನುವವರು, ರಕ್ತ ತೆಗೆದು, ಎದೆಗೆ ತಂತಿ ಹಚ್ಚಿ ಎಲ್ಲ ನೋಡಿದರು.

"ನಿಮ್ಮ ತಾಯಿಯವರು ಎಷ್ಟನೇ ವಯಸ್ಸಿಗೆ ಹೋದ್ರು?" ಅಂತ ಕೇಳಿದರು.

"ಐವತ್ತೆರಡಕ್ಕ. ಅವರೂ ಗೂಟ ಇದ್ರು, ಏಳನೇ ಓಣಿಗೆ."

"ನಿಮಗ ಸಕ್ಕರಿ ಐತಿ, ಬಿಪಿ ಐತಿ. ಹೃದಯ ದಣದೈತಿ ಕಸ್ತೂರಕ್ಕ. ಎಂಬತ್ತೈದಕ್ಕ ಇಳೀರಿ. ಇಲ್ಲಂದ್ರ ನಿಮ್ಮ ತಾಯಿಯವರ ಲೆಕ್ಕಾನ ನಿಮ್ಮದೂ."

ಗೂಟಗಳು ಐವತ್ತೈದು ದಾಟಿದ್ದನ್ನು ನಾನು ನೋಡಿಲ್ಲ. ಸತ್ತರೆ ಓಣಿಗೆ ಓಣಿಯೇ ಬಂದು ಅಳುತ್ತದೆ, ಅವ್ವನನ್ನು ಹೊರಲು ಹನ್ನೆರಡು ಜನ ಬೇಕಾದರು. ಮನೆಗೆ ಬರುವ ದಾರಿಯಲ್ಲಿ ಆ ಹನ್ನೆರಡು ಜನ ಭುಜ ಬದಲಾಯಿಸುತ್ತಾ ಏದುಸಿರು ಬಿಟ್ಟದ್ದೇ ನೆನಪಾಯಿತು. ನನಗೆ ಸಾಯಲು ಮನಸ್ಸಿರಲಿಲ್ಲ. ಬದುಕಿ ಏನು ಮಾಡಬೇಕು ಅನ್ನುವುದೂ ಗೊತ್ತಿರಲಿಲ್ಲ, ಆದರೆ ಸಾಯಲು ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡು ಸುಣ್ಣದ ಗೂಡಿನ ದಿನ್ನೆಯ ಕಡೆ ನಡೆದೆ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಗಾಳಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ, ದಾರಿಯಲ್ಲಿ ಸಿಕ್ಕವರು ಕಟ್ಟಿಕೊಳ್ಳಬೇಕಲ್ಲ, ಹಾಗಾಗಿ ಗೂಟವಾದವರು ಪಟ್ಟಿ ಇಲ್ಲದೆ ಹೊಸ್ತಿಲು ದಾಟುವಂತಿಲ್ಲ. ಮೊದಲ ದಿನ ಮೊದಲನೇ ತಿರುವನ್ನೂ ದಾಟಲಿಲ್ಲ. ಮೈಲಿಗಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡು ವಾಪಸ್ ಬಂದೆ. ಹೊಸ್ತಿಲ ಮೇಲೆ ಕೂತಿದ್ದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಾತು, ಯಾರರ ಬೆನ್ನು ಹತ್ತಿದ್ರೇನು?"

"ಡಾಕ್ಟರು ಅಡ್ಡಾಡು ಅಂದಾರ್ರಿ ಅತ್ತಿ. ತೂಕ ಇಳಸಬೇಕಂತ."

ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅವರಿಗೆ ಎಂಬತ್ತು, ತೂಕ ಮೂವತ್ತೊಂದು ಕೆ.ಜಿ. ಮೂವತ್ತು ವರ್ಷದಿಂದ ದಿನಾ ಮಧ್ಯಾಹ್ನ ನನ್ನ ಎಡಗಡೆಯ ಮೊದಲನೇ ಬಳೆಗೆ ಅವರ ಹಗ್ಗ. ಗಾಳಿ ಬಂದಾಗ ಗೇಣೋ ಮೊಳವೋ ಮೇಲೆ ಎದ್ದು, ನನ್ನ ಕಿವಿಯ ಪಕ್ಕದಲ್ಲೇ ತೇಲುತ್ತಾ, ಬೆಳಿಗ್ಗೆ ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಪಲ್ಯಕ್ಕೆ ಉಪ್ಪು ಸಾಲದು, ಹಿಟ್ಟು ಜರಡಿ ಹಿಡಿದಿಲ್ಲ, ತಮ್ಮ ಮಗ ಬಂದಾಗ ಮೋರೆ ಗಂಟು ಹಾಕಿಕೊಂಡಿದ್ದೆ. ಎದ್ದು ಹೋಗುವಂತಿಲ್ಲ, ಕಿವಿ ಮುಚ್ಚಿಕೊಳ್ಳುವಂತಿಲ್ಲ. ಬೇರೆ ಸೊಸೆಯಂದಿರು ಸಿಟ್ಟು ಬಂದರೆ ಹಿತ್ತಲಿಗೆ ಹೋಗುತ್ತಾರೆ. ನನಗೆ ಆ ಅನುಕೂಲ ಇರಲಿಲ್ಲ.

ತಾಟಿನ ಜಗಳ ಎರಡನೇ ದಿನವೇ ಶುರುವಾಯಿತು. ಅವತ್ತು ಶರವ್ವನ ಪಾಳಿ. ಎರಡು ಹೋಳಿಗೆ, ಅದರ ಮೇಲೆ ತುಪ್ಪದ ಕೆರೆ. ಬೇಡ ಅಂದೆ.

"ಯಾಕ್ರಿ ಕಸ್ತೂರಕ್ಕ, ನಮ್ಮ ಮನಿ ತುಪ್ಪ ವಾಸನಿ ಬರ್ತೈತೇನು?"

"ಹಂಗಲ್ಲ ಶರವ್ವ, ಡಾಕ್ಟರು..."

"ಡಾಕ್ಟರ ಬಾಯಿ ಯಾವ ಓಣಿಯಾಕಿ? ಆಕಿಗೆ ಕಟ್ಟಿಕೊಳ್ಳಾಕ ಯಾರೋ ಅದಾರ. ನಮಗ ಯಾರದಾರ?" ಅಂದು ಶರವ್ವ ತಾಟನ್ನು ಕಟ್ಟೆಯ ಮೇಲೆ ಇಟ್ಟೇ ಹೋದಳು. ನಾನು ಅದನ್ನು ಸಂಜೆವರೆಗೂ ನೋಡುತ್ತಾ ಕೂತಿದ್ದು, ಕೊನೆಗೆ ಒಂದು ಹೋಳಿಗೆ ತಿಂದೆ. ಆಮೇಲೆ ಇನ್ನೊಂದು.

ಮೊದಲನೇ ಅಮಾವಾಸ್ಯೆಗೆ ನೂರೆಂಟರಿಂದ ನೂರೈದಕ್ಕೆ ಬಂದಿದ್ದೆ. ಎರಡನೆಯದಕ್ಕೆ ನೂರಾ ಎರಡು. ಮೂರನೇ ತಿಂಗಳು ದಿನ್ನೆ ಇಳಿಯುವಾಗ ಕಾಲು ಉಳುಕಿ ಹದಿನೆಂಟು ದಿನ ಮಂಚದ ಮೇಲಿದ್ದೆ. ಓಣಿಯವರು ಖುಷಿಯಿಂದ ಮಂಚಕ್ಕೇ ತಾಟು ತಂದರು. ನೂರಾನಾಲ್ಕಾಯಿತು. ಇಮಾಮಸಾಬರು ಗೋಡೆಗೆ ನೂರಾನಾಲ್ಕು ಬರೆದು, "ಒಳ್ಳೇದಾತು ಬೇಟಿ, ದೇವರು ದೊಡ್ಡವ" ಅಂದರು. ಅವರ ಮೇಲೆ ಸಿಟ್ಟೂ ಬರಲಿಲ್ಲ. ಅವರ ಹಗ್ಗ ನನ್ನ ಬಲಗಡೆಯ ಎರಡನೇ ಬಳೆಗಿದೆ, ಅವರಿಗೆ ಇನ್ನೇನು ಅನ್ನಿಸಬೇಕು?

ಮತ್ತೆ ಮೊದಲಿನಿಂದ ಶುರು ಮಾಡಿದೆ. ಉಳುಕಿದ ಕಾಲಿಗೆ ಬಟ್ಟೆ ಸುತ್ತಿ ನಡೆದೆ. ಅನ್ನ ಬಿಟ್ಟೆ, ಜೋಳದ ರೊಟ್ಟಿ ಒಂದೂವರೆಗೆ ಇಳಿಸಿದೆ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವವಳು ಒಂದೂವರೆ ರೊಟ್ಟಿ ತಿಂದು ಏಳುವುದು ಎಂಥ ಶಿಕ್ಷೆ ಅನ್ನುವುದು ಬಡಿಯುವವರಿಗೇ ಗೊತ್ತು. ಕಟ್ಟೆಯ ಮೇಲೆ ಕೈ ಊರದೆ ಕೂತು ಏಳುವುದನ್ನು ರೂಢಿಸಿಕೊಂಡೆ. ಹತ್ತು ಸಲ, ಆಮೇಲೆ ಇಪ್ಪತ್ತು. ಶರವ್ವನ ಹುಡುಗಿಯರು ಎಣಿಸಿ ನಗುತ್ತಿದ್ದರು. ನೂರು, ತೊಂಬತ್ತೆಂಟು, ತೊಂಬತ್ತಾರು. ಆಗ ಓಣಿಯವರು ಸಭೆ ಕೂಡಿದರು.

ಸಭೆ ಅಂದರೆ ಅದೇ ಐದು ಜನ, ಅದೇ ಕಟ್ಟೆ. ನಾಲ್ಕು ತಿರುವು ದಾಟಿದರೆ ಐದನೇ ಓಣಿಯಲ್ಲಿ ಪೇಡೆ ಅಂಗಡಿಯ ರುದ್ರಗೌಡ ಗೂಟ, ನೂರ ಮೂವತ್ತೆರಡು ಕೆ.ಜಿ. ಅವನ ಪಟ್ಟಿಯಲ್ಲಿ ಖಾಲಿ ಬಳೆಗಳೂ ಇವೆ. ಆದರೆ ಅಲ್ಲಿಗೆ ಐನೂರು ಹೆಜ್ಜೆ. ದಿನಾ ಬಿಸಿಲಲ್ಲಿ ಐನೂರು ಹೆಜ್ಜೆ ನಡೆಯುವುದು ಇಮಾಮಸಾಬರಿಗೇ ಕಷ್ಟ, ಅತ್ತೆಗೆ ಆಗದ ಮಾತು. ಅವರು ಹಿತ್ತಲಿಗೆ ಹೋಗಿ ಬರುವುದರೊಳಗೆ ಎರಡು ಸಲ ಗೋಡೆ ಹಿಡಿಯುತ್ತಾರೆ. ತೊಂಬತ್ತೆರಡಕ್ಕೆ ನಿಲ್ಲಿಸುತ್ತೇನೆ ಅಂತ ನಾನು ಮಾತು ಕೊಟ್ಟೆ. ಡಾಕ್ಟರು ಹೇಳಿದ್ದು ಎಂಬತ್ತೈದು, ನಾನು ಕೊಟ್ಟಿದ್ದು ತೊಂಬತ್ತೆರಡು. ನಡುವಿನ ಏಳು ಕೆ.ಜಿ.ಯಲ್ಲಿ ನನಗೆ ಎಷ್ಟು ವರ್ಷ ಹೋಗುತ್ತದೋ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಇಡೀ ಸಭೆಯಲ್ಲಿ ಅತ್ತೆ ಹರಿದ ಪಟ್ಟಿಯ ಅಂಚು ಹೊಲಿಯುತ್ತಾ ಕೂತಿದ್ದರು. ಪಟ್ಟಿ ಹೊಲಿಯುವುದು, ಬಿಸಿಲಿಗೆ ಹಾಕುವುದು, ಮಧ್ಯಾಹ್ನ ನನ್ನ ಸೊಂಟಕ್ಕೆ ಕಟ್ಟುವುದು, ಎಲ್ಲ ಅವರದೇ ಕೆಲಸ. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಆಮೇಲೆ ತೊಂಬತ್ತಾರು ಅಲ್ಲೇ ನಿಂತುಬಿಟ್ಟಿತು. ಆ ಅಮಾವಾಸ್ಯೆಗೆ ತೊಂಬತ್ತಾರು. ಮುಂದಿನದಕ್ಕೂ ತೊಂಬತ್ತಾರು. ಅದರ ಮುಂದಿನದಕ್ಕೆ ತೊಂಬತ್ತೇಳು. ದಿನ್ನೆಯ ತುದಿಯವರೆಗೆ ಹೋಗಿ ಬರುತ್ತಿದ್ದೆ, ಒಂದೂವರೆ ರೊಟ್ಟಿಯನ್ನು ಒಂದು ಮಾಡಿದ್ದೆ, ತಾಟು ಬಂದರೆ ಶರವ್ವನ ಎದುರಿಗೇ ನಾಯಿಗೆ ಹಾಕುವಷ್ಟು ಗಟ್ಟಿಯಾಗಿದ್ದೆ. ಆದರೂ ತಕ್ಕಡಿಯಲ್ಲಿ ಕೂತು ಎದ್ದರೆ ಇಮಾಮಸಾಬರು ಅದೇ ಅಂಕಿಯನ್ನು ಮತ್ತೆ ತಿದ್ದುತ್ತಿದ್ದರು. ಓಣಿಯವರ ಮುಖದಲ್ಲಿ ನೆಮ್ಮದಿ. ನಾನು ಮನೆಗೆ ಬಂದು ಹಿಟ್ಟಿನ ಡಬ್ಬಿಗೆ ಒರಗಿ ಅಳುತ್ತಿದ್ದೆ.

ಡಾಕ್ಟರ ಬಾಯಿ ಹತ್ತಿರ ಹೋಗುವುದನ್ನೂ ಬಿಟ್ಟೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಕುಪ್ಪಸ ಸಡಿಲಾದದ್ದು ಗೊತ್ತಾಗುತ್ತಿತ್ತು. ಹಳೇ ಬಟ್ಟೆ, ಒಗೆದೊಗೆದು ಹಿಗ್ಗಿದೆ ಅಂದುಕೊಂಡೆ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಮ್ಮವರು ಒಂದು ಭಾನುವಾರ ಬಂದಾಗ, "ಮಾರಿ ಸಣ್ಣಗಾಗೇತಲ್ಲ" ಅಂದರು. ಗೋಡೆ ನೋಡಿ ಬರ್ರಿ ಅಂದೆ. ನೋಡಿ ಬಂದು ಊಟಕ್ಕೆ ಕೂತರು. ನನ್ನ ಮೈ ಹೇಳಿದ್ದಕ್ಕಿಂತ ಗೋಡೆ ಹೇಳಿದ್ದನ್ನೇ ನಾನೂ ನಂಬಿದೆ, ಅವರೂ ನಂಬಿದರು.

ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು. ಪಟ್ಟಿ ದಿನದಿಂದ ದಿನಕ್ಕೆ ಭಾರ ಅನ್ನಿಸುತ್ತಿತ್ತು. ಕಡಿಮೆ ತಿನ್ನುವುದಕ್ಕೆ ನಿಶ್ಶಕ್ತಿ ಬಂದಿದೆ, ಅದಕ್ಕೇ ಹೀಗೆ ಅಂದುಕೊಂಡೆ. ದಿನ್ನೆ ಹತ್ತುವಾಗ ಅದು ಸೊಂಟವನ್ನು ಕೆಳಗೆ ಜಗ್ಗುತ್ತಿತ್ತು. ಎಷ್ಟೋ ಬೆಳಿಗ್ಗೆ ಮೊದಲನೇ ತಿರುವಿನ ಮೈಲಿಗಲ್ಲಿನ ಹತ್ತಿರ ನಿಂತು, ಸಾಕು, ಇವತ್ತಿಗೆ ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ. ಬಿಡದೇ ಹೋದದ್ದು ಛಲದಿಂದ ಅಲ್ಲ. ಮನೆಗೆ ವಾಪಸ್ ಹೋದರೆ ಅತ್ತೆ ಹೊಸ್ತಿಲ ಮೇಲೆ ಕೂತಿರುತ್ತಿದ್ದರು, ಅಷ್ಟು ಬೇಗ ಅವರ ಮುಖ ನೋಡುವುದಕ್ಕಿಂತ ದಿನ್ನೆ ಹತ್ತುವುದು ಹಗುರ ಅನ್ನಿಸುತ್ತಿತ್ತು.

ಆ ದಿನ ಅಮಾವಾಸ್ಯೆಯ ತೂಕ ಬೆಳಿಗ್ಗೆಯೇ ಆಗಿತ್ತು. ತೊಂಬತ್ತಾರು. ಮಧ್ಯಾಹ್ನ ಎರಡೂವರೆಗೆ ಬೀದಿನಾಯಿಗಳು ಎದ್ದು ಮೋರಿಯ ಕೊಳವೆಯೊಳಗೆ ನುಗ್ಗಿದವು. ಗಾಳಿಗೆ ಅವು ಕೊಡುವಷ್ಟು ಮುನ್ಸೂಚನೆ ಯಾರೂ ಕೊಡುವುದಿಲ್ಲ, ಹೆಚ್ಚೆಂದರೆ ಅರ್ಧ ತಾಸು. ನಾನು ಕಟ್ಟೆಗೆ ಬಂದು ಕೂತೆ. ಅತ್ತೆ ಪಟ್ಟಿ ಕಟ್ಟಿದರು. ಇಮಾಮಸಾಬರು ಬಂದು ಹಗ್ಗ ಕಟ್ಟಿಕೊಂಡರು. ಶರವ್ವ ಮೊದಲು ದೊಡ್ಡ ಮಗಳ ಹಗ್ಗ ಕಟ್ಟಿ, ಸಣ್ಣವಳದಕ್ಕೆ ಕೈ ಹಾಕಿದಳು.

"ಕಟ್ಟಬ್ಯಾಡ್ರಿ" ಅಂದರು ಅತ್ತೆ.

ಶರವ್ವ ತಲೆ ಎತ್ತಿ ನೋಡಿದಳು. ಅತ್ತೆ ನನ್ನ ಮುಂದೆ ನಿಂತಿದ್ದರು, ತಮ್ಮ ಹಗ್ಗವನ್ನು ಕೈಯಲ್ಲೇ ಸುತ್ತಿ ಹಿಡಿದುಕೊಂಡು.

"ಯಾರೂ ಕಟ್ಟಿಕೊಬ್ಯಾಡ್ರಿ. ಕಟ್ಟಿದವರು ಬಿಚ್ಚಿಕೊಳ್ರಿ. ಈಕಿ ತೊಂಬತ್ತಾರಿಲ್ಲ, ಎಂಬತ್ತೊಂಬತ್ತು ಅದಾಳ."

ನಾನು ನಕ್ಕೆ. ಬಿಸಿಲು ಹತ್ತಿದೆ ಅಂದುಕೊಂಡೆ. ಅತ್ತೆ ಸೊಂಟದಿಂದ ಕತ್ತರಿ ತೆಗೆದು, ಬಗ್ಗಿ, ನನ್ನ ಪಟ್ಟಿಯ ಒಳಭಾಗದ ಹೊಲಿಗೆಯನ್ನು ಕತ್ತರಿಸಿದರು. ಒಂದು ಕಬ್ಬಿಣದ ಬಿಲ್ಲೆ ಠಣ್ಣನೆ ಕಟ್ಟೆಯ ಮೇಲೆ ಬಿತ್ತು. ಅರ್ಧ ಕೆ.ಜಿ.ಯ ತೂಕದ ಕಲ್ಲು. ಮಾವನ ಕಿರಾಣಿ ಅಂಗಡಿಯವು, ಅವರು ಹೋದ ಮೇಲೆ ಅತ್ತೆಯ ಟ್ರಂಕಿನಲ್ಲಿ ಬಿದ್ದಿದ್ದವು. ಇನ್ನೊಂದು ಬಿತ್ತು. ಮತ್ತೊಂದು.

"ಹದಿನಾಲ್ಕು ಅದಾವು" ಅಂದರು ಅತ್ತೆ. "ಇವತ್ತು ಮುಂಜಾನೆ ಇನ್ನೊಂದು ಇಡೂಣು ಅಂತ ಟ್ರಂಕು ತಗದೆ, ಮುಗದಿದ್ದುವು. ಆವಾಗ ಎಣಿಸಿದೆ. ಈ ಹೊತ್ತಿನತನಾ ಹೇಳೂ ಧೈರ್ಯ ಆಗಲಿಲ್ಲ."

ಗೂಟವನ್ನು ಪಟ್ಟಿ ಸಮೇತ ತೂಗಿ, ಪಟ್ಟಿಗೆಂದು ಮೂರು ಕೆ.ಜಿ. ಕಳೆದು ಬರೆಯುವುದು ಪದ್ಧತಿ. ಆ ಪಟ್ಟಿ ಈಗ ಹತ್ತಾಗಿತ್ತು. ನಾಲ್ಕು ತಿಂಗಳು, ಒಂದೊಂದಾಗಿ. ನಾನು ಸಣ್ಣಗಾದ ಹಾಗೆಲ್ಲ ಪಟ್ಟಿ ಒಳಗಿಂದ ದಪ್ಪವಾಗಿ, ಅದೇ ತೂತಿಗೆ ಕೂರುತ್ತಿತ್ತು.

"ಯಾಕ್ರಿ ಅತ್ತಿ?" ಅಂದೆ.

"ಅಂಕಿ ಇಳೀಲಿಲ್ಲಂದ್ರ ನಿನಗ ಬ್ಯಾಸರ ಬರ್ತೈತಿ, ಬಿಟ್ಟು ಉಣ್ಣಾಕ ಹತ್ತತಿ ಅಂತ ಮಾಡಿದ್ದೆ. ನೀ ಬಿಡಲೇ ಇಲ್ಲ. ಎಂಥಾ ಹೆಂಗಸು ನೀ?" ಅತ್ತೆ ಇನ್ನೊಂದು ಹೊಲಿಗೆ ಕತ್ತರಿಸಿದರು. "ನಾ ಎಷ್ಟಾತು ಅಂತ ಲೆಕ್ಕಾನ ಇಡಲಿಲ್ಲ. ಕಲ್ಲಪ್ಪನ ಗತಿನ ಆಗ್ತಿತ್ತು. ನಾನ ಮಾಡ್ತಿದ್ದೆ."

ಶರವ್ವ ಏನೋ ಕೂಗಬೇಕು ಅಂತ ಬಾಯಿ ತೆರೆದಳು. ಮೋರಿಯೊಳಗೆ ನಾಯಿಗಳು ಕುಂಯ್‌ಗುಡಲು ಶುರು ಮಾಡಿದ್ದು ಕೇಳಿ ಬಾಯಿ ಮುಚ್ಚಿದಳು. ಇಬ್ಬರು ಹುಡುಗಿಯರ ಕೈ ಹಿಡಿದು ಐದನೇ ಓಣಿಯ ಕಡೆ ಓಡಿದಳು. ಇಮಾಮಸಾಬರು ತಮ್ಮ ಗಂಟು ಬಿಚ್ಚಿಕೊಂಡು, ಅತ್ತೆಯ ಕಡೆ ಕೈ ಚಾಚಿ, ತಮ್ಮ ಕೈ ತಮಗೇ ಆಧಾರವಲ್ಲ ಅನ್ನುವುದು ನೆನಪಾಗಿ ನಿಂತರು.

"ನೀವು ನಡೀರಿ ಚಾಚಾ" ಅಂದೆ. "ಗೌಡಗ ಎರಡು ಬಳಿ ಖಾಲಿ ಇಡು ಅಂತ ಹೇಳ್ರಿ."

ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. "ನೀ ಹೋಗು. ನನಗ ಎಂಬತ್ತಾತು. ಅವರು ಹ್ವಾದ ದಾರೀಲೇ ನಾನೂ ಹೋಗ್ತೀನಿ, ತಪ್ಪೇನೈತಿ."

ಬಿಟ್ಟು ಹೋಗಬೇಕು ಅಂತ ಒಂದು ಕ್ಷಣ ಅನ್ನಿಸಿತು. ಅನ್ನಿಸಲಿಲ್ಲ ಅಂತ ಹೇಳಿದರೆ ಯಾರೂ ನಂಬಬೇಡಿ. ಹಿಟ್ಟಿನ ಡಬ್ಬಿಗೆ ಒರಗಿ ಅತ್ತದ್ದೆಲ್ಲ ಒಂದೇ ಸಲಕ್ಕೆ ಎದೆಗೆ ಬಂತು. ಪಟ್ಟಿ ಬಿಚ್ಚಿ ಕೆಳಗೆ ಒಗೆದೆ. ಅಷ್ಟು ಭಾರ ಸೊಂಟದಿಂದ ಕಳಚಿದಾಗ ನನಗೆ ನಾನೇ ಬೇರೆ ಯಾರೋ ಅನ್ನಿಸಿತು. ಕಾಲುಗಳು ತಾವಾಗಿ ನಿಂತವು, ಉಸಿರು ತಳದವರೆಗೆ ಹೋಯಿತು. ನಾನು ಬೆನ್ನು ತಿರುಗಿಸಿ ಕಟ್ಟೆಯ ಮುಂದೆ ಬಗ್ಗಿದೆ.

"ಹತ್ತರಿ."

"ಒಲ್ಲೆ."

"ಅತ್ತಿ, ಸುಮ್ನ ಹತ್ತರಿ. ಬೈಯೂದು ಆಮ್ಯಾಲೆ ಬೈತೀನಿ, ಮೊದಲು ಜೀವ ಉಳೀಲಿ."

ಕುತ್ತಿಗೆಗೆ ಎರಡು ಕಡ್ಡಿ ಕೈಗಳು ಬಂದವು. ನಾನು ಕೈ ಊರದೆ ಎದ್ದೆ, ಕಟ್ಟೆಯ ಮೇಲೆ ದಿನಾ ಎದ್ದ ಹಾಗೆಯೇ. ಆಮೇಲೆ ಓಡಿದೆ. ಹತ್ತನೇ ವಯಸ್ಸಿನಿಂದ ಈಚೆಗೆ ನಾನು ಓಡಿದವಳಲ್ಲ. ಗೂಟ ಓಡಬಾರದು, ಕರಗುತ್ತಾಳೆ ಅಂತ ಅವ್ವನೇ ಬಿಟ್ಟಿರಲಿಲ್ಲ. ಮೊದಲನೇ ತಿರುವು ಬಂತು, ಎದೆಯೊಳಗಿನ ಮಂಚ ಅಲುಗಲಿಲ್ಲ. ಎರಡನೇ ತಿರುವಿನಲ್ಲಿ ಉಳುಕಿದ ಕಾಲು ನೆನಪು ಮಾಡಿತು, ನಿಲ್ಲಲಿಲ್ಲ. ಮೂರನೇ ತಿರುವಿನಲ್ಲಿ ಗಾಳಿ ಬಂತು.

ಗಾಳಿ ಬಂದದ್ದು ಮೊದಲು ಬೆನ್ನಿಗೆ ಗೊತ್ತಾಯಿತು. ಅತ್ತೆಯ ಭಾರ ಪೂರ್ತಿ ಹೋಯಿತು, ಆಮೇಲೆ ಅವರ ಕೈಗಳು ನನ್ನ ಕುತ್ತಿಗೆಯನ್ನು ಮೇಲಕ್ಕೆ ಎಳೆಯತೊಡಗಿದವು. ನನ್ನ ಹಿಮ್ಮಡಿ ನೆಲ ಬಿಡುತ್ತಿತ್ತು. ಮುಂದಿನ ಹೆಜ್ಜೆ ಇಡಬೇಕಾದ ಜಾಗಕ್ಕೆ ಕಾಲು ಮುಟ್ಟುತ್ತಲೇ ಇರಲಿಲ್ಲ. ಚಿಕ್ಕವಳಿದ್ದಾಗ ಅವ್ವನ ಸೊಂಟಕ್ಕೆ ಕಟ್ಟಿಕೊಂಡದ್ದು ಮರೆತೇ ಹೋಗಿತ್ತು, ನನಗೆ ಈ ಗಾಳಿ ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ಅದರ ನಡುವೆ ಕೂತವಳು, ಒಂದು ದಿನವೂ ಅದನ್ನು ಕಂಡಿರಲಿಲ್ಲ. ಹೆದರಿ ಗೋಡೆಗೆ ಅಂಟಿಕೊಂಡೆ.

"ಮೊಣಕಾಲು ಬಗ್ಗಸು" ಅಂತ ಕಿವಿಯ ಪಕ್ಕದಲ್ಲಿ ಅತ್ತೆಯ ದನಿ. ಅದೇ ಜಾಗ, ಉಪ್ಪು ಸಾಲದು ಅನ್ನುವ ಅದೇ ದನಿ. "ಉಸಿರು ಹಿಡೀಬ್ಯಾಡ, ಹಿಡದ್ರ ಜಾಸ್ತಿ ಎತ್ತತೈತಿ. ಮ್ಯಾಲೆ ನೋಡಬ್ಯಾಡ. ಗ್ವಾಡಿ ಕಲ್ಲಿಗೆ ಬೆರಳು ಸಿಗಸು. ಹಾಂ. ಈಗ ಸರಿ."

ಬಗ್ಗಿ, ಗೋಡೆಯ ಸಂದುಗಳಿಗೆ ಬೆರಳು ಸಿಕ್ಕಿಸಿ, ಕಾಲಬೆರಳಿನಿಂದ ನೆಲ ಕಚ್ಚಿ, ಒಂದೊಂದು ಗೇಣು ಸರಿದೆ. ತೊಡೆ ಉರಿಯುತ್ತಿತ್ತು. ಆದರೆ ದಿನ್ನೆಯ ಮೇಲೆ ಹತ್ತು ಕೆ.ಜಿ. ಹೊತ್ತು ತಿಂಗಳುಗಟ್ಟಲೆ ಹತ್ತಿದ ತೊಡೆ ಅದು, ಬಿಟ್ಟುಕೊಡಲಿಲ್ಲ. ನಾಲ್ಕನೇ ತಿರುವಿನಾಚೆ ರುದ್ರಗೌಡ ಪೇಡೆ ಅಂಗಡಿಯ ಮುಂದೆ ಆಲದ ಬುಡದ ಹಾಗೆ ಕೂತಿದ್ದ. ಶರವ್ವ ಅವನ ಸೊಂಟದಿಂದ ಹಗ್ಗದುದ್ದಕ್ಕೆ ತೇಲುತ್ತಾ, ಎರಡೂ ಕೈ ಚಾಚಿ ನನ್ನ ಜಡೆ ಹಿಡಿದು ಎಳೆದಳು. ಅಷ್ಟು ಜೋರಾಗಿ ಎಳೆಯುವ ಅಗತ್ಯ ಇರಲಿಲ್ಲ, ಅದರಲ್ಲಿ ಸಿಟ್ಟೂ ಸೇರಿತ್ತು. ರುದ್ರಗೌಡ ಮೊದಲು ಅತ್ತೆಗೆ ಹಗ್ಗ ಕಟ್ಟಿದ. ಆಮೇಲೆ ನನಗೆ.

ಗೋಡೆ ಬಿಟ್ಟೆ. ಮೇಲೆ ಎದ್ದೆ. ಗೇಣು, ಮೊಳ, ಇನ್ನೊಂದು ಮೊಳ. ಕಾಲ ಕೆಳಗೆ ಏನೂ ಇರಲಿಲ್ಲ. ಒಂದು ಹಗ್ಗ, ಒಂದು ಗಂಟು, ಇನ್ನೊಬ್ಬರ ಸೊಂಟ, ಅಷ್ಟೇ ನನಗೂ ಆಕಾಶಕ್ಕೂ ನಡುವೆ. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ತೇಲುತ್ತಿದ್ದರು, ತುಟಿ ಅಲುಗುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಯಾರು ಯಾರಿಗೆ ಧೈರ್ಯ ಕೊಟ್ಟೆವೋ ಗೊತ್ತಿಲ್ಲ.

"ಅತ್ತಿ, ದಿನಾ ಹಿಂಗ ಹೆದರಿಕಿ ಆಗ್ತಿತ್ತೇನ್ರಿ?"

"ದಿನಾ."

"ಒಂದಿನಾನೂ ಹೇಳಲಿಲ್ಲಲ್ರಿ."

ಅತ್ತೆ ಕಣ್ಣು ತೆರೆಯಲಿಲ್ಲ. "ಹೆದರಿಕಿ ಆಗಬಾರದು ಅಂತನ ಮಾತಾಡ್ತಿದ್ದೆ. ಬಾಯಿಗೆ ಏನು ಬರ್ತಿತ್ತೋ ಅದನ್ನ."

ಮೂವತ್ತು ವರ್ಷದ ಉಪ್ಪು, ಹಿಟ್ಟು, ಜರಡಿ, ಗಂಟು ಮೋರೆ ಎಲ್ಲ ನೆನಪಾಯಿತು. ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಎರಡಕ್ಕೂ ಅಲ್ಲಿ ಜಾಗ ಇರಲಿಲ್ಲ. ಗಾಳಿ ನಿಲ್ಲುವವರೆಗೆ ಕೈ ಬಿಡಲಿಲ್ಲ.

ಸಂಜೆ ಇಮಾಮಸಾಬರು ಗೋಡೆಯ ಮೇಲಿನ ತೊಂಬತ್ತಾರನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಹೊಸದೇನೂ ಬರೆಯಲಿಲ್ಲ. ಮೂರನೇ ಓಣಿಗೆ ಇನ್ನು ಗೂಟ ಇಲ್ಲ, ನಾಳೆಯಿಂದ ಎಲ್ಲರೂ ಐದನೇ ಓಣಿಗೆ ಹೋಗಬೇಕು. ಶರವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ತಾಟು ಕಳಿಸುವುದನ್ನೂ ಬಿಟ್ಟಿದ್ದಾಳೆ. ಎರಡನೆಯದು ಹತ್ತು ತಿಂಗಳು ಮುಂಚೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡು ಮಲಗಿದೆ. ಅತ್ತೆಯನ್ನು ನಾನು ಬೈಯಲಿಲ್ಲ. ಬೈಯಬೇಕು ಅಂತ ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿದ್ದೆ, ಹೇಗೆ ಶುರು ಮಾಡಬೇಕು ಅಂತ ತಿಳಿಯದೆ ವಾಪಸ್ ಬಂದೆ.

ಬೆಳಿಗ್ಗೆ ಎದ್ದರೆ ಮೈಯಲ್ಲಿ ನೋಯದ ಜಾಗ ಇರಲಿಲ್ಲ. ಹತ್ತೂ ಬೆರಳು ತರಚಿದ್ದವು. ಇವತ್ತು ಒಂದು ದಿನ ನಡೆಯುವುದು ಬೇಡ, ಎಂಬತ್ತೊಂಬತ್ತಾಗಿದೆ, ಇನ್ನು ನಾಲ್ಕು ಕೆ.ಜಿ. ಯಾವಾಗಲಾದರೂ ಇಳಿಯಲಿ ಅಂತ ಮಗ್ಗಲು ಬದಲಿಸಿದೆ. ಬಾಗಿಲ ಹತ್ತಿರ ಅತ್ತೆ ಗೋಡೆ ಹಿಡಿದು ನಿಂತಿದ್ದರು. ಸೆರಗಿನಲ್ಲಿ ಏನೋ ಗಂಟು.

"ಏಳು" ಅಂದರು.

"ಆಗೂದಿಲ್ರಿ ಅತ್ತಿ. ಮೈಯೆಲ್ಲ ನೋಯಾಕತ್ತೈತಿ."

ಅತ್ತೆ ಬಂದು ಮಂಚದ ಅಂಚಿಗೆ ಕೂತು, ಸೆರಗು ಬಿಚ್ಚಿ, ಎರಡು ಅರ್ಧ ಕೆ.ಜಿ. ತೂಕದ ಕಲ್ಲು ತೆಗೆದು ನನ್ನ ಎರಡು ಕೈಗೆ ಒಂದೊಂದು ಇಟ್ಟರು. ತರಚಿದ ಬೆರಳನ್ನು ತಾವೇ ಒಂದೊಂದಾಗಿ ಮಡಿಸಿ ಅದರ ಸುತ್ತ ಹಿಡಿಸಿದರು. ಕಬ್ಬಿಣ ತಣ್ಣಗಿತ್ತು.

"ಇವನ್ನ ಹಿಡಕೊಂಡು ಅಡ್ಡಾಡು. ಮುಂದಿನ ತಿಂಗಳು ಇನ್ನೆರಡು ಕೊಡ್ತೀನಿ, ಇನ್ನೂ ಹನ್ನೆರಡು ಅದಾವು" ಅಂದರು. "ಐನೂರು ಹೆಜ್ಜಿ ಐತಿ. ನಿನ್ನೆ ಚಲೋ ಹೊತ್ತಿ. ಇನ್ನ ದಿನಾ ಹೊರಬೇಕಲ್ಲ."

ನಾನು ಎದ್ದೆ.